ಅಂಗಡಿ ಬಾಗಿಲಿನ ನಿಯಮಗಳು: ವಿಜ್ಞಾನವೆಷ್ಟು, ವಾಡಿಕೆಯೆಷ್ಟು?



ಇಂದು ನಾವು ಮಾತನಾಡಲಿರುವ ವಿಷಯ ನಿಮಗೆ ಹೊಸದಲ್ಲ. 2020 ಮತ್ತು 2021ರ ಕೋವಿಡ್ ದಿನಗಳಲ್ಲಿ ನಿಮ್ಮಲ್ಲಿ ಅನೇಕರು ಇನ್ನೂ ಸಣ್ಣ ತರಗತಿಗಳಲ್ಲಿದ್ದಿರಿ. ಶಾಲೆ ಮುಚ್ಚಿತ್ತು. ಪಾಠಗಳು ಮೊಬೈಲ್ ಫೋನಿಗೆ ಬಂದಿದ್ದವು. ಮನೆಯಿಂದ ಹೊರಬೀಳಲು ಸಿಗುತ್ತಿದ್ದ ನೆಪವೆಂದರೆ ಅಂಗಡಿ ಒಂದೇ. ಹಾಲು, ತರಕಾರಿ, ಔಷಧಿ ತರಲು ಅಪ್ಪನೊಡನೆಯೋ ಅಮ್ಮನೊಡನೆಯೋ ಹೋದಾಗ, ಅಂಗಡಿಯ ಬಾಗಿಲಲ್ಲಿ ಒಂದಷ್ಟು ನಿಯಮಗಳು ನಿಮ್ಮನ್ನು ಎದುರುಗೊಳ್ಳುತ್ತಿದ್ದವು. ವಿಚಿತ್ರವೆಂದರೆ, ಈ ನಿಯಮಗಳು ಒಂದು ಅಂಗಡಿಯಲ್ಲಿದ್ದಂತೆ ಪಕ್ಕದ ಅಂಗಡಿಯಲ್ಲಿ ಇರುತ್ತಿರಲಿಲ್ಲ. ನಿನ್ನೆ ಇದ್ದಂತೆ ಇಂದು ಇರುತ್ತಿರಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ 5ರಂದು ಕೋವಿಡ್ ತುರ್ತು ಪರಿಸ್ಥಿತಿ ಮುಗಿಯಿತೆಂದು ಘೋಷಿಸಿತು. ಮುಗಿದುಹೋದ ವಿಷಯವನ್ನು ಮತ್ತೆ ಏಕೆ ಕೆದಕಬೇಕು ಎಂದು ನೀವು ಕೇಳಬಹುದು. ಪರೀಕ್ಷೆ ಮುಗಿದ ಮೇಲೆ ಉತ್ತರಪತ್ರಿಕೆಯನ್ನು ತಿರುವಿ ನೋಡುವ ವಿದ್ಯಾರ್ಥಿಯೇ ಮುಂದಿನ ಪರೀಕ್ಷೆಗೆ ಸಿದ್ಧನಾಗುತ್ತಾನೆ. ಆ ದಿನಗಳಲ್ಲಿ ನಾವು ಪಾಲಿಸಿದ ನಿಯಮಗಳಲ್ಲಿ ಯಾವುದು ನಮ್ಮನ್ನು ನಿಜವಾಗಿ ಕಾಪಾಡಿತು, ಯಾವುದು ಬರಿಯ ವಾಡಿಕೆಯಾಗಿತ್ತು? ಅವು ಅಂಗಡಿಯಿಂದ ಅಂಗಡಿಗೆ ಬೇರೆಯಾದದ್ದೇಕೆ? ಅದರ ಭಾರವನ್ನು ಹೊತ್ತವರು ಯಾರು? ಈ ಪ್ರಶ್ನೆಗಳನ್ನು ಇಂದು ಪರಿಶೀಲಿಸೋಣ.

ಇದಕ್ಕೆ ಬೆಂಗಳೂರಿನ ಮಲ್ಲೇಶ್ವರಂ ಬಡಾವಣೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದಕ್ಕೊಂದು ಕಾರಣವಿದೆ, ಮುಂದೆ ತಿಳಿಯುತ್ತದೆ.

ಕಾಲ 2020ರ ಜೂನ್. ಆ ತಿಂಗಳ 8ನೇ ತಾರೀಖಿನಿಂದ ಹೋಟೆಲುಗಳಲ್ಲಿ ಕುಳಿತು ತಿನ್ನಲು ಅನುಮತಿ ದೊರೆತಿತ್ತು. ದೇವಸ್ಥಾನಗಳೂ ಮಾಲ್‌ಗಳೂ ತೆರೆದಿದ್ದವು. ಆಗ ಸಂಪಿಗೆ ರಸ್ತೆಯಲ್ಲಿ ಒಂದು ಸುತ್ತು ಹಾಕಿದ್ದರೆ ಏನೇನು ಕಾಣುತ್ತಿತ್ತು?

ಒಂದು ದಿನಸಿ ಅಂಗಡಿ. ಮುಂದೆ ಹಗ್ಗ ಕಟ್ಟಿದೆ. ರಸ್ತೆಯ ಮೇಲೆ ಸೀಮೆಸುಣ್ಣದ ವೃತ್ತಗಳು. ಗಿರಾಕಿಗಳು ಒಬ್ಬೊಬ್ಬರು ಒಂದೊಂದು ವೃತ್ತದಲ್ಲಿ ನಿಂತು ಚೀಟಿ ಕೊಡುತ್ತಾರೆ. ಅಂಗಡಿಯ ಹುಡುಗ ಸಾಮಾನು ಕಟ್ಟಿ ತಂದುಕೊಡುತ್ತಾನೆ. ಕೊಟ್ಟ ನೋಟನ್ನು ತಟ್ಟೆಯಲ್ಲಿ ಹಾಕಿಸಿಕೊಂಡು ಅದರ ಮೇಲೆ ಸ್ಯಾನಿಟೈಸರ್ ಸಿಂಪಡಿಸುತ್ತಾರೆ.

ಮುಂದೆ ಒಂದು ಬಟ್ಟೆ ಅಂಗಡಿ. ಬಾಗಿಲಲ್ಲಿ ಒಬ್ಬಾಕೆ ಜ್ವರಮಾಪಕವನ್ನು ಹಣೆಗೋ ಮಣಿಕಟ್ಟಿಗೋ ಹಿಡಿಯುತ್ತಾಳೆ. ಅಂಗೈಗೆ ಎರಡು ಹನಿ ಸ್ಯಾನಿಟೈಸರ್. ಆಮೇಲೆ ಪುಸ್ತಕದಲ್ಲಿ ಹೆಸರು, ಫೋನ್ ನಂಬರು ಬರೆಯಬೇಕು. ಬರೆಯಲು ದಾರ ಕಟ್ಟಿದ ಪೆನ್ನು ಒಂದೇ, ಬೆಳಗಿನಿಂದ ಬಂದವರೆಲ್ಲ ಹಿಡಿದದ್ದು ಅದನ್ನೇ. ಒಳಗೆ ಹವಾನಿಯಂತ್ರಣ, ಕಿಟಕಿಗಳೆಲ್ಲ ಗಾಜು, ತೆರೆಯಲು ಬರುವುದಿಲ್ಲ. ಬಟ್ಟೆ ತೊಟ್ಟು ನೋಡುವ ಕೋಣೆಗೆ ಬೀಗ. ಆದರೆ ಹರಡಿದ ಒಂದೇ ಸೀರೆಯ ಮೇಲೆ ನಾಲ್ವರು ಬಾಗಿ ಸೆರಗನ್ನು ಮುಟ್ಟಿ ನೋಡುತ್ತಿದ್ದಾರೆ.

ಆಮೇಲೆ ಔಷಧಿ ಅಂಗಡಿ. ಕೌಂಟರಿನ ಮುಂದೆ ಮೇಲಿಂದ ಕೆಳಗಿನವರೆಗೆ ಪ್ಲಾಸ್ಟಿಕ್ ಹಾಳೆ, ನಡುವೆ ಒಂದು ಕಿಂಡಿ. ಹಾಳೆಯ ಆಚೆಯಿಂದ ಮಾತು ಕೇಳಿಸದು. ಹಾಗಾಗಿ ಗಿರಾಕಿ ಮಾಸ್ಕನ್ನು ಗಲ್ಲಕ್ಕಿಳಿಸಿ ಕಿಂಡಿಗೆ ಬಾಯಿಯಿಟ್ಟು ಮಾತ್ರೆಯ ಹೆಸರು ಹೇಳುತ್ತಾನೆ. ಆಚೆಯವನು ಅದೇ ಕಿಂಡಿಗೆ ಕಿವಿಯಿಡುತ್ತಾನೆ!

ಒಂದು ಹೋಟೆಲಿನಲ್ಲಿ ಕುರ್ಚಿ ಬಿಟ್ಟು ಕುರ್ಚಿಗೆ ಅಡ್ಡ ಪಟ್ಟಿ ಅಂಟಿಸಿದ್ದಾರೆ. ಬಾಗಿಲಲ್ಲಿ ಮಾಸ್ಕ್ ಕಡ್ಡಾಯ, ಕುಳಿತ ಮೇಲೆ ಎಲ್ಲರೂ ತೆಗೆಯಲೇಬೇಕು, ದೋಸೆಯನ್ನು ಮಾಸ್ಕ್ ಹಾಕಿಕೊಂಡು ತಿನ್ನಲಾಗದಲ್ಲ! ಎದುರು ಸಾಲಿನ ದರ್ಶಿನಿಗೆ ಮೂರು ಕಡೆ ಗೋಡೆ, ಒಂದು ಕಡೆ ಪೂರ್ತಿ ರಸ್ತೆ. ಅಲ್ಲಿ ಮಾತ್ರ ಮಾಲೀಕರು ಪಾರ್ಸೆಲ್ ಬಿಟ್ಟರೆ ಬೇರೇನೂ ಕೊಡುತ್ತಿಲ್ಲ.

ಕೊನೆಗೆ ಎಂಟನೇ ಕ್ರಾಸಿನ ಪಾದಚಾರಿ ದಾರಿಯಲ್ಲಿ ಹೂ ಮಾರುವಾಕೆ. ಆಕೆಯ ಬಳಿ ಸ್ಯಾನಿಟೈಸರ್ ಇಲ್ಲ, ಜ್ವರಮಾಪಕವಿಲ್ಲ, ಫಲಕವಿಲ್ಲ. ಮಾಸ್ಕ್ ಒಂದು ಇದೆ. ತಲೆಯ ಮೇಲೆ ಆಕಾಶ.

ಈಗ ನಿಮಗೊಂದು ಪ್ರಶ್ನೆ. ಈ ಆರು ಜಾಗಗಳಲ್ಲಿ ಅತ್ಯಂತ ಸುರಕ್ಷಿತವಾದದ್ದು ಯಾವುದು? ಸೋಂಕು ಹರಡುವ ಸಂಭವ ಹೆಚ್ಚಾಗಿರುವುದು ಎಲ್ಲಿ? ನಿಯಮಗಳ ಸಂಖ್ಯೆಯನ್ನು ಎಣಿಸಿದರೆ ಬಟ್ಟೆ ಅಂಗಡಿಗೆ ಮೊದಲ ಸ್ಥಾನ, ಹೂವಿನಾಕೆಗೆ ಕೊನೆಯ ಸ್ಥಾನ. ವಿಜ್ಞಾನವನ್ನು ಕೇಳಿದರೆ ಉತ್ತರ ಬಹುಮಟ್ಟಿಗೆ ತಲೆಕೆಳಗು. ಹೇಗೆಂದು ನೋಡೋಣ.

ಇದನ್ನು ಅರಿಯಲು ಪ್ರಯೋಗಶಾಲೆ ಬೇಡ. ನಿಮ್ಮ ಮನೆಯಲ್ಲಿಯೇ ಇರುವ ಎರಡು ವಸ್ತುಗಳು ಸಾಕು: ಒಂದು ಚಿಟಿಕೆ ರಂಗೋಲಿ ಪುಡಿ, ಒಂದು ಊದುಬತ್ತಿ. ರಂಗೋಲಿ ಪುಡಿಯನ್ನು ಎದೆಯ ಎತ್ತರದಿಂದ ಬಿಡಿ. ಅದರ ಬಹುಪಾಲು ನಿಮ್ಮ ಕಾಲ ಬಳಿಯೇ ಬೀಳುತ್ತದೆ. ಇನ್ನು ಊದುಬತ್ತಿ ಹಚ್ಚಿ. ಅದರ ಹೊಗೆ ಬೀಳುವುದಿಲ್ಲ. ತೇಲುತ್ತದೆ, ಸುಳಿಯುತ್ತದೆ, ಮುಚ್ಚಿದ ಕೋಣೆಯಾದರೆ ಮೂಲೆಮೂಲೆಯನ್ನೂ ತುಂಬುತ್ತದೆ. ಕಿಟಕಿ ತೆರೆದರೆ ಕ್ಷಣಮಾತ್ರದಲ್ಲಿ ತೆಳುವಾಗುತ್ತದೆ.

ನಾವು ಮಾತನಾಡುವಾಗ, ಕೆಮ್ಮುವಾಗ, ಹಾಡುವಾಗ ಬಾಯಿಯಿಂದ ಹೊರಡುವ ತುಂತುರಿನಲ್ಲಿ ಈ ಎರಡೂ ಬಗೆ ಇವೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಸುಮಾರು 100 ಮೈಕ್ರಾನ್ ಗಾತ್ರದ ಹನಿಯು ಒಂದೂವರೆ ಮೀಟರ್ ಎತ್ತರದಿಂದ ನೆಲ ಸೇರಲು ಐದಾರು ಸೆಕೆಂಡುಗಳಷ್ಟೇ ಬೇಕು. ಇದು ರಂಗೋಲಿ ಪುಡಿಯ ಜಾತಿ. 5 ಮೈಕ್ರಾನ್ ಗಾತ್ರದ ಕಣ ಅಲುಗಾಡದ ಗಾಳಿಯಲ್ಲಿ ಅಷ್ಟೇ ದೂರ ಇಳಿಯಲು ಸುಮಾರು ಅರ್ಧ ಗಂಟೆ ತೆಗೆದುಕೊಳ್ಳುತ್ತದೆ. 1 ಮೈಕ್ರಾನಿನದಾದರೆ ಹನ್ನೆರಡು ಗಂಟೆಗಳಷ್ಟು. ಇವು ಹೊಗೆಯ ಜಾತಿ.

ಕೋವಿಡ್ ವೈರಾಣು ಯಾವ ದಾರಿಯಲ್ಲಿ ಹೆಚ್ಚಾಗಿ ಬರುತ್ತದೆ ಎಂಬುದು ಮೊದಲ ತಿಂಗಳುಗಳಲ್ಲಿ ಖಚಿತವಿರಲಿಲ್ಲ. 2020ರ ಮಾರ್ಚ್‌ನಲ್ಲಿ ಪ್ರಕಟವಾದ ಒಂದು ಪ್ರಯೋಗದ ಪ್ರಕಾರ ಈ ವೈರಾಣು ಪ್ಲಾಸ್ಟಿಕ್ ಮತ್ತು ಉಕ್ಕಿನ ಮೇಲೆ 72 ಗಂಟೆಗಳವರೆಗೂ ಪತ್ತೆಯಾಗಬಲ್ಲದು. ಇದೇ ಪ್ರಯೋಗ ಅದು ಗಾಳಿಯಲ್ಲಿಯೂ ಗಂಟೆಗಟ್ಟಲೆ ಉಳಿಯುತ್ತದೆಂದು ತೋರಿಸಿತ್ತು. ಆದರೆ ಜನರ ಮನಸ್ಸಿನಲ್ಲಿ ನಿಂತದ್ದು 72 ಗಂಟೆಗಳ ಸಂಖ್ಯೆ. ತರಕಾರಿಯನ್ನು ಅಡುಗೆ ಸೋಡಾದಲ್ಲಿ ನೆನೆಸಿದ್ದು, ಹಾಲಿನ ಪ್ಯಾಕೆಟ್ಟಿಗೆ ಸಾಬೂನು ಹಚ್ಚಿದ್ದು, ನೋಟಿಗೆ ಇಸ್ತ್ರಿ ಹಾಕಿದ್ದು ಎಲ್ಲವೂ ಅದರ ಫಲ.

ಮುಂದೆ ಸಾಕ್ಷ್ಯ ಬೇರೆ ದಿಕ್ಕಿಗೆ ಬೆಳೆಯಿತು. ಚೀನಾದ ಗ್ವಾಂಗ್‌ಝೌ ನಗರದ ಕಿಟಕಿಯಿಲ್ಲದ ಒಂದು ಹೋಟೆಲಿನಲ್ಲಿ, 2020ರ ಜನವರಿಯಲ್ಲಿ, ಅಕ್ಕಪಕ್ಕದ ಮೂರು ಮೇಜುಗಳಲ್ಲಿ ಊಟ ಮಾಡಿದ ಮೂರು ಕುಟುಂಬಗಳ 10 ಮಂದಿಗೆ ಸೋಂಕು ತಗುಲಿತ್ತು. ಅವರ ನಡುವೆ ಇದ್ದ ಸಂಬಂಧವೆಂದರೆ ಒಂದೇ ಹವಾನಿಯಂತ್ರಕದ ಗಾಳಿ. 2020ರ ಜುಲೈನಲ್ಲಿ 239 ವಿಜ್ಞಾನಿಗಳು ಗಾಳಿಯ ಮೂಲಕ ಹರಡುವಿಕೆಯನ್ನು ಗಂಭೀರವಾಗಿ ಪರಿಗಣಿಸಿರಿ ಎಂಬ ಮನವಿಗೆ ಬೆಂಬಲ ನೀಡಿದರು. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು 2021ರ ಏಪ್ರಿಲ್‌ನಲ್ಲಿ, ಸೋಂಕಿರುವ ಮೇಲ್ಮೈಯನ್ನು ಒಮ್ಮೆ ಮುಟ್ಟಿದರೆ ರೋಗ ತಗುಲುವ ಸಂಭವ ಸಾಮಾನ್ಯವಾಗಿ ಹತ್ತು ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆ ಎಂದು ತಿಳಿಸಿತು. ನಮ್ಮ ದೇಶದಲ್ಲಿಯೂ ಭಾರತ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿ 2021ರ ಮೇ ತಿಂಗಳಲ್ಲಿ ಒಂದು ಸಲಹಾಪತ್ರ ಹೊರಡಿಸಿತು. ದೊಡ್ಡ ಹನಿಗಳು 2 ಮೀಟರಿನೊಳಗೆ ಬೀಳುತ್ತವೆ, ಸೂಕ್ಷ್ಮ ಕಣಗಳು 10 ಮೀಟರ್‌ವರೆಗೂ ಹೋಗಬಲ್ಲವು, ಆದ್ದರಿಂದ ಕಿಟಕಿ ಬಾಗಿಲು ತೆರೆದಿಡಿ ಎಂಬುದು ಅದರ ತಿರುಳು.

ಈ ತಿಳಿವಿನ ಬೆಳಕಿನಲ್ಲಿ ಸಂಪಿಗೆ ರಸ್ತೆಯ ನಿಯಮಗಳನ್ನು ಮತ್ತೊಮ್ಮೆ ನೋಡೋಣ.

ದಿನಸಿ ಅಂಗಡಿಯವರು ಗಿರಾಕಿಯನ್ನು ಬಯಲಿನಲ್ಲಿ ನಿಲ್ಲಿಸಿದ್ದು ಉತ್ತಮ ನಿಯಮ. ಅಲ್ಲಿ ಗಾಳಿಯೂ ಇತ್ತು, ಅಂತರವೂ ಇತ್ತು. ನೋಟಿಗೆ ಸಿಂಪಡಿಸಿದ್ದರಿಂದ ಹೆಚ್ಚಿನ ಲಾಭವಿರಲಿಲ್ಲ. ಹಾಗೆಂದು ಕೈ ತೊಳೆಯುವುದು ವ್ಯರ್ಥವೆಂದು ತಿಳಿಯಬೇಡಿ. ಭೇದಿ, ಟೈಫಾಯ್ಡ್‌ಗಳಂಥ ಅನೇಕ ರೋಗಗಳನ್ನು ಸಾಬೂನು ಇಂದಿಗೂ ದೂರವಿಡುತ್ತದೆ. ಕೋವಿಡ್ ವೈರಾಣುವಿನ ಹೊರಗಿನ ಕೊಬ್ಬಿನ ಪೊರೆಯನ್ನೂ ಅದು ಒಡೆಯುತ್ತದೆ.

ಬಟ್ಟೆ ಅಂಗಡಿಯ ಜ್ವರಮಾಪಕ ಚರ್ಮದ ಉಷ್ಣವನ್ನಷ್ಟೇ ಅಳೆಯುತ್ತದೆ. ಕೋವಿಡ್‌ನಲ್ಲಿ ರೋಗಲಕ್ಷಣ ಕಾಣಿಸುವ ಒಂದೆರಡು ದಿನ ಮೊದಲೇ ಸೋಂಕು ಹರಡಲು ಆರಂಭವಾಗುತ್ತದೆ. ಕೆಲವರಿಗೆ ಜ್ವರ ಬರುವುದೇ ಇಲ್ಲ. ಆದ್ದರಿಂದ ಆ ಪರೀಕ್ಷೆಯಲ್ಲಿ ತೇರ್ಗಡೆಯಾದವರೆಲ್ಲ ಆರೋಗ್ಯವಂತರೆಂದು ಹೇಳಲಾಗದು. ಒಳಗಿನ ನಿಂತ ಗಾಳಿಯನ್ನು ಮಾತ್ರ ಯಾವ ನಿಯಮವೂ ಮುಟ್ಟಲಿಲ್ಲ.

ಔಷಧಿ ಅಂಗಡಿಯ ಪ್ಲಾಸ್ಟಿಕ್ ಹಾಳೆ ಎದುರಿನಿಂದ ಸಿಡಿಯುವ ದೊಡ್ಡ ಹನಿಯನ್ನು ತಡೆಯುತ್ತದೆ, ನಿಜ. ಆದರೆ ಹೊಗೆಯ ಜಾತಿಯ ಕಣಗಳು ಅದರ ಅಂಚನ್ನು ಸುತ್ತಿ ಬರುತ್ತವೆ. ಬದಲಾಗಿ, ತೆರೆದ ಅಂಗಡಿಗೆ ಬರುತ್ತಿದ್ದ ಗಾಳಿಗೇ ಅದು ಅಡ್ಡಿ. ಮಾಸ್ಕ್ ಕೆಳಗಿಳಿಸುವಂತೆ ಮಾಡುವ ತಡೆಯು ತಡೆಯೇ ಅಲ್ಲ.

ಮಾಸ್ಕಿನ ವಿಷಯದಲ್ಲಿಯೂ ಒಂದು ಮಾತು. ಮಲ್ಲೇಶ್ವರಂಗೆ ಅಂಟಿಕೊಂಡಂತೆಯೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ವಿದೇಶಿ ವಿಶ್ವವಿದ್ಯಾಲಯಗಳ ಜೊತೆ ಸೇರಿ ನಡೆಸಿದ ಒಂದು ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಕೆಮ್ಮಿನ ವೇಗದಲ್ಲಿ ಬಂದು ಬಡಿದ ದೊಡ್ಡ ಹನಿಗಳು ಒಂದೇ ಪದರದ ಬಟ್ಟೆಯನ್ನು ತೂರಿ, ಒಡೆದು, ಇನ್ನೂ ಸಣ್ಣ ಹನಿಗಳಾಗಿ ಹೊರಬರಬಹುದು, ಮೂರು ಪದರದ ಮಾಸ್ಕ್ ಅವನ್ನು ಬಹಳ ಚೆನ್ನಾಗಿ ತಡೆಯುತ್ತದೆ ಎಂಬುದು ಅದರ ತೀರ್ಮಾನ. ಆದರೆ ಅಂಗಡಿಯ ಫಲಕದಲ್ಲಿ ಬರೆದಿದ್ದುದು 'ಮಾಸ್ಕ್ ಇಲ್ಲದೆ ಪ್ರವೇಶವಿಲ್ಲ' ಎಂದಷ್ಟೇ. ಕರವಸ್ತ್ರವೂ ಮಾಸ್ಕ್, ಸೆರಗೂ ಮಾಸ್ಕ್, ಗಲ್ಲದ ಮೇಲಿದ್ದದ್ದೂ ಮಾಸ್ಕ್!

ಇನ್ನು ಕೆಲವು ನಿಯಮಗಳು ನಿರುಪಯೋಗಿಯಷ್ಟೇ ಅಲ್ಲ, ಅಪಾಯಕಾರಿಯೂ ಆಗಿದ್ದವು. 2020ರ ಏಪ್ರಿಲ್‌ನಲ್ಲಿ ದೇಶದ ಹಲವೆಡೆ ಜನರ ಮೈಮೇಲೆಯೇ ಸೋಡಿಯಂ ಹೈಪೋಕ್ಲೋರೈಟ್‌ನಂಥ ದ್ರಾವಣವನ್ನು ಸಿಂಪಡಿಸುವ ಪದ್ಧತಿ ಕಾಣಿಸಿಕೊಂಡಿತು. ಕೇಂದ್ರ ಆರೋಗ್ಯ ಸಚಿವಾಲಯ ಅದೇ ತಿಂಗಳ 18ರಂದು, ಇದರಿಂದ ಪ್ರಯೋಜನವಿಲ್ಲ, ಕಣ್ಣು, ಚರ್ಮ, ಉಸಿರಾಟಕ್ಕೆ ಹಾನಿಯಾಗುತ್ತದೆ ಎಂದು ಎಚ್ಚರಿಸಬೇಕಾಯಿತು.

ಇದುವರೆಗೆ ಅಂಗಡಿಗಳ ನಿಯಮಗಳನ್ನು ನೋಡಿದೆವು. ಸರ್ಕಾರದ ನಿಯಮಗಳು? ಅವುಗಳಲ್ಲಿಯೂ ಏರಿಳಿತ ಕಡಿಮೆಯಿರಲಿಲ್ಲ. 2020ರ ಅಕ್ಟೋಬರ್ ಮೊದಲ ವಾರದಲ್ಲಿ ಕರ್ನಾಟಕದ ನಗರಗಳಲ್ಲಿ ಮಾಸ್ಕ್ ಧರಿಸದವರಿಗೆ ದಂಡ 1000 ರೂಪಾಯಿ ಎಂದಾಯಿತು. ಕೆಲವೇ ದಿನಗಳಲ್ಲಿ ಅದು 250ಕ್ಕೆ ಇಳಿಯಿತು. ಅದೇ ವರ್ಷ ಡಿಸೆಂಬರ್ 23ರಂದು ರಾತ್ರಿ ಕರ್ಫ್ಯೂ ಘೋಷಣೆಯಾಯಿತು. ಮರುದಿನ, ಜಾರಿಗೆ ಬರುವ ಕೆಲವೇ ಗಂಟೆಗಳ ಮೊದಲು, ಹಿಂದಕ್ಕೆ ಪಡೆಯಲಾಯಿತು. 2021ರ ಏಪ್ರಿಲ್ ಮೊದಲ ದಿನಗಳಲ್ಲಿ ವ್ಯಾಯಾಮಶಾಲೆಗಳು ಮುಚ್ಚಬೇಕೆಂಬ ಆದೇಶ ಬಂದು, ಬೆನ್ನಿಗೇ ಅರ್ಧ ಸಾಮರ್ಥ್ಯದಲ್ಲಿ ತೆರೆಯಬಹುದೆಂದಾಯಿತು.

ಎಲ್ಲಕ್ಕಿಂತ ಮುಖ್ಯವಾದ ಉದಾಹರಣೆ ಎರಡನೇ ಅಲೆಯದು. 2021ರ ಏಪ್ರಿಲ್ 27ರ ರಾತ್ರಿಯಿಂದ ರಾಜ್ಯದಲ್ಲಿ ನಿರ್ಬಂಧಗಳು ಜಾರಿಯಾದವು. ಅಗತ್ಯ ವಸ್ತುಗಳ ಅಂಗಡಿಗಳಿಗೆ ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ ಅವಕಾಶ. ಜನಸಂಚಾರ ಕಡಿಮೆಯಾಗಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ಒಂದು ಸಣ್ಣ ಲೆಕ್ಕ ಮಾಡಿ. ಒಂದು ಅಂಗಡಿಗೆ ದಿನಕ್ಕೆ 240 ಗಿರಾಕಿಗಳೆಂದು ಇಟ್ಟುಕೊಳ್ಳಿ. ಅಂಗಡಿ 12 ಗಂಟೆ ತೆರೆದಿದ್ದರೆ ಗಂಟೆಗೆ 20 ಜನ. 4 ಗಂಟೆ ಮಾತ್ರ ತೆರೆದಿದ್ದರೆ ಗಂಟೆಗೆ 60 ಜನ. ಜನರಿಗೆ ಬೇಕಾದ ಅಕ್ಕಿ ಬೇಳೆ ಕಡಿಮೆಯಾಗಲಿಲ್ಲ, ಸಮಯ ಮಾತ್ರ ಕಡಿಮೆಯಾಯಿತು. ಹೀಗೆ ಗುಂಪನ್ನು ತಪ್ಪಿಸಲು ಹೊರಟ ನಿಯಮವೇ ಅಂಗಡಿಗಳ ಮುಂದೆ ಗುಂಪು ಕೂಡಿಸಬಲ್ಲದು.

ಹಾಗಾದರೆ ನಿಯಮ ಮಾಡಿದವರೆಲ್ಲ ತಿಳಿಗೇಡಿಗಳೇ? ಖಂಡಿತ ಅಲ್ಲ. ಅವರ ಕಷ್ಟವನ್ನೂ ನ್ಯಾಯವಾಗಿ ತೂಗಿ ನೋಡಬೇಕು. ಮೊದಲನೆಯದಾಗಿ, ತಿಳಿವು ತಿಂಗಳಿಂದ ತಿಂಗಳಿಗೆ ಬದಲಾಗುತ್ತಿತ್ತು. ತಿಳಿವು ಬದಲಾದಾಗ ನಿಯಮ ಬದಲಾಗುವುದು ದೋಷವಲ್ಲ, ಅದು ವಿಜ್ಞಾನದ ಗುಣ. ಏಕೆ ಬದಲಾಯಿತೆಂದು ಜನರಿಗೆ ಹೇಳದಿರುವುದು ದೋಷ. ಎರಡನೆಯದಾಗಿ, ಕೇಂದ್ರ ಗೃಹ ಸಚಿವಾಲಯ, ರಾಜ್ಯ ಸರ್ಕಾರ, ಮಹಾನಗರ ಪಾಲಿಕೆ, ಪೊಲೀಸರು, ಕೊನೆಗೆ ಅಂಗಡಿಯ ಮಾಲೀಕರು, ಹೀಗೆ ನಿಯಮಗಳು ಐದು ಕಡೆಗಳಿಂದ ಬರುತ್ತಿದ್ದವು. ಮೂರನೆಯದಾಗಿ, ಆರೋಗ್ಯದ ಜೊತೆಗೆ ಜೀವನೋಪಾಯವೂ ಇತ್ತು. ದಿನಗೂಲಿಯವನ ಹೊಟ್ಟೆಯನ್ನು ಮರೆತು ನಿಯಮ ಮಾಡಲಾಗದು.

ನಾಲ್ಕನೆಯ ಕಾರಣ ನನಗೆ ಬಹಳ ಮುಖ್ಯವೆನಿಸುತ್ತದೆ. ಕಣ್ಣಿಗೆ ಕಾಣುವುದನ್ನೇ ನಾವು ನಿಯಮ ಮಾಡುತ್ತೇವೆ. ಬಾಗಿಲಲ್ಲಿ ಸ್ಯಾನಿಟೈಸರ್ ಬಾಟಲಿ ಇದೆಯೇ ಎಂಬುದನ್ನು ತಪಾಸಣೆಗೆ ಬಂದವರು ಒಂದು ಕ್ಷಣದಲ್ಲಿ ನೋಡಬಲ್ಲರು. ಕೋಣೆಯ ಗಾಳಿ ಗಂಟೆಗೆ ಎಷ್ಟು ಸಲ ಬದಲಾಗುತ್ತದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ. ದೂರದರ್ಶನದಲ್ಲಿ ಕೆಲಸ ಮಾಡುವ ನನ್ನಂಥವರಿಗೆ ಇದು ಬೇಗ ಅರ್ಥವಾಗುತ್ತದೆ. ಔಷಧ ಸಿಂಪಡಿಸುವ ದೃಶ್ಯವನ್ನು ಕ್ಯಾಮೆರಾ ಸೊಗಸಾಗಿ ಹಿಡಿಯುತ್ತದೆ. ತೆರೆದ ಕಿಟಕಿಯನ್ನು ತೋರಿಸಿದರೆ ನೋಡುಗರಿಗೆ ಅದು ಬರಿಯ ಕಿಟಕಿ. ಕಾಣುವ ನಿಯಮ ನೆಮ್ಮದಿ ಕೊಡುತ್ತದೆ. ಕಾಣದ ಗಾಳಿ ರೋಗವನ್ನು ಕೊಡಬಹುದು ಅಥವಾ ಕಳೆಯಬಹುದು. ನಮ್ಮ ಹಿರಿಯರ ಮನೆಗಳಲ್ಲಿ ಮಡಿಗೂ ಶುಚಿತ್ವಕ್ಕೂ ವ್ಯತ್ಯಾಸವಿತ್ತಲ್ಲವೇ? ಒದ್ದೆ ಬಟ್ಟೆ ಉಟ್ಟರೆ ಮಡಿಯಾಯಿತು, ಶುಚಿಯಾಯಿತೋ ಇಲ್ಲವೋ ಎಂಬುದು ಬೇರೆ ಪ್ರಶ್ನೆ. ಅಂಗಡಿ ಬಾಗಿಲಿನ ಎಷ್ಟೋ ನಿಯಮಗಳು ಹೊಸ ಕಾಲದ ಮಡಿಯಾಗಿದ್ದವು.

ಇನ್ನು, ಮಲ್ಲೇಶ್ವರಂ ಅನ್ನೇ ಏಕೆ ಆರಿಸಿಕೊಂಡೆ ಎಂಬ ಮಾತಿಗೆ ಬರುತ್ತೇನೆ. ಈ ಬಡಾವಣೆಗೂ ಸಾಂಕ್ರಾಮಿಕ ರೋಗಕ್ಕೂ ಹಳೆಯ ನಂಟು. ಮಲ್ಲೇಶ್ವರಂ, ಬಸವನಗುಡಿಗಳ ಯೋಜನೆ 1890ರ ದಶಕದ ಆರಂಭದಲ್ಲಿಯೇ ಮೊದಲಾಗಿತ್ತು. ಆದರೆ ಅವು ಬೇಗ ಬೆಳೆಯುವಂತೆ ಮಾಡಿದ್ದು ಪ್ಲೇಗು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಆ ರೋಗ ರೈಲು ಮಾರ್ಗಗಳ ಗುಂಟ ಹಬ್ಬಿ 1898ರ ಆಗಸ್ಟ್‌ನಲ್ಲಿ ಬೆಂಗಳೂರನ್ನು ಮುಟ್ಟಿತು. ಪೇಟೆಯ ಇಕ್ಕಟ್ಟಾದ ಓಣಿಗಳಲ್ಲಿ ಜನ ಸಾವಿರಾರು ಸಂಖ್ಯೆಯಲ್ಲಿ ತೀರಿಕೊಂಡರು. ಉಳಿದವರಿಗೆ ಗಾಳಿ ಬೆಳಕು ಇರುವ ವಿಶಾಲವಾದ ಊರು ಬೇಕಾಯಿತು. ನೇರವಾದ ಅಡ್ಡರಸ್ತೆಗಳು, ಮನೆಯ ಸುತ್ತ ಖಾಲಿ ಜಾಗ, ಮನೆಗಳ ಹಿಂದೆ ಕನ್ಸರ್ವೆನ್ಸಿ ಓಣಿ, ಇವೆಲ್ಲ ಆ ಕಾಲದ ಆರೋಗ್ಯ ಚಿಂತನೆಯ ಗುರುತುಗಳು.

ಆಗಲೂ ನಿಯಮಗಳ ಗೊಂದಲವಿತ್ತು. ಬೆಂಗಳೂರಿನಲ್ಲಿ ಆಗ ಎರಡು ಆಡಳಿತಗಳು: ಪೇಟೆ ಮೈಸೂರು ಸಂಸ್ಥಾನದ್ದು, ದಂಡು ಪ್ರದೇಶ ಬ್ರಿಟಿಷರದ್ದು. ರೋಗಕ್ಕೆ ಆ ಗಡಿ ಗೊತ್ತಿರಲಿಲ್ಲ. ಪ್ಲೇಗಿನ ರೋಗಾಣುವನ್ನು 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಅಲೆಕ್ಸಾಂಡರ್ ಯೆರ್ಸಿನ್ ಗುರುತಿಸಿದ್ದರೂ, ಅದು ಇಲಿಯಿಂದ ಮನುಷ್ಯನಿಗೆ ಬರುವ ದಾರಿ ತಿಳಿದಿರಲಿಲ್ಲ. ಹಾಗಾಗಿ ಆ ಕಾಲದ ಅಧಿಕಾರಿಗಳು ಗೋಡೆಗೆ ಸುಣ್ಣ ಬಳಿಸಿದರು, ನೆಲಕ್ಕೆ ಔಷಧಿ ಸುರಿಸಿದರು, ಬಟ್ಟೆಬರೆ ಸುಡಿಸಿದರು, ಪ್ರಯಾಣಿಕರನ್ನು ರೈಲು ನಿಲ್ದಾಣದಲ್ಲಿ ತಡೆದು ಪರೀಕ್ಷಿಸಿದರು. ಅಷ್ಟರಲ್ಲಿ, 1898ರಲ್ಲಿಯೇ, ಪಾಲ್-ಲೂಯಿ ಸಿಮೋಂಡ್ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಪ್ರಯೋಗ ನಡೆಸಿ, ರೋಗವನ್ನು ದಾಟಿಸುವುದು ಇಲಿಯ ಮೈಮೇಲಿನ ಚಿಗಟ ಎಂದು ತೋರಿಸಿದ. ಅದನ್ನು ಜಗತ್ತು ಒಪ್ಪಲು ಸರಿಸುಮಾರು ಹತ್ತು ವರ್ಷ ಬೇಕಾಯಿತು. ಸುಣ್ಣದ ಗೋಡೆ ಕಣ್ಣಿಗೆ ಕಾಣುತ್ತಿತ್ತು, ಚಿಗಟ ಕಾಣುತ್ತಿರಲಿಲ್ಲ!

ಇದೇ ಹೊತ್ತಿನಲ್ಲಿ ನಮ್ಮ ಹಳ್ಳಿಗಳ ಜನ ಒಂದು ನಿಯಮವನ್ನು ತಾವೇ ಕಂಡುಕೊಂಡಿದ್ದರು. 'ಇಲಿ ಬಿತ್ತು' ಎಂದರೆ, ಅಂದರೆ ಮನೆಯಲ್ಲಿ ಇಲಿ ಸತ್ತು ಬಿದ್ದರೆ, ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಅವರಿಗೆ ರೋಗಾಣುವಿನ ಹೆಸರು ಗೊತ್ತಿರಲಿಲ್ಲ. ಆದರೆ ಆ ನಿಯಮ ರೋಗ ಬರುವ ದಾರಿಯನ್ನು ನೇರವಾಗಿ ಕಡಿಯುತ್ತಿತ್ತು. ಸತ್ತ ಇಲಿಯನ್ನು ಬಿಟ್ಟ ಚಿಗಟ ಮನುಷ್ಯನನ್ನು ಹುಡುಕುವ ಮುಂಚೆಯೇ ಮನುಷ್ಯ ಅಲ್ಲಿಂದ ದೂರವಾಗಿರುತ್ತಿದ್ದ. ನಿಯಮದ ಬೆಲೆಯನ್ನು ಅಳೆಯುವ ಮಾನದಂಡ ಇದೇ: ಅದು ಯಾವ ದಾರಿಯನ್ನು ಕಡಿಯುತ್ತದೆ?

ಕಾರಣ ಹೇಳದೆ, ಮರ್ಯಾದೆ ನೋಡದೆ ಹೇರಿದ ನಿಯಮ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೂ ಆ ಕಾಲದಲ್ಲಿ ಸಾಕ್ಷಿಯಿದೆ. 1897ರಲ್ಲಿ ಬ್ರಿಟಿಷ್ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ತಂದಿತು. ಪುಣೆಯಲ್ಲಿ ಸೈನಿಕರು ಮನೆಗಳಿಗೆ ನುಗ್ಗಿ ತಪಾಸಣೆ ನಡೆಸಿದರು. ಜನರ ಆಕ್ರೋಶ ಹೆಚ್ಚಿ, ಆ ವರ್ಷ ಜೂನ್ 22ರಂದು ಪ್ಲೇಗ್ ಅಧಿಕಾರಿ ರ್‍ಯಾಂಡ್ ಗುಂಡೇಟಿಗೆ ಗುರಿಯಾದ. ಅದೇ 1897ರ ಕಾಯಿದೆಯನ್ನೇ 2020ರ ಮಾರ್ಚ್‌ನಲ್ಲಿಯೂ ನಮ್ಮ ದೇಶದಲ್ಲಿ ಬಳಸಲಾಯಿತು ಎಂಬುದು ನೆನಪಿಡಬೇಕಾದ ಸಂಗತಿ.

ಈಗ ಒಂದು ವಿಪರ್ಯಾಸವನ್ನು ಗಮನಿಸಿ. ಗಾಳಿ ಬೆಳಕುಗಳು ಪ್ಲೇಗಿನ ಚಿಗಟಕ್ಕೆ ನೇರ ಮದ್ದಾಗಿರಲಿಲ್ಲ. ಆದರೆ ಆ ನಂಬಿಕೆಯಿಂದ ಹುಟ್ಟಿದ ಊರಿನಲ್ಲಿ, ನೂರಿಪ್ಪತ್ತು ವರ್ಷಗಳ ನಂತರ, ಗಾಳಿಯೇ ನಿಜವಾದ ಮದ್ದಾದ ರೋಗ ಬಂತು. ಎತ್ತರದ ಕಿಟಕಿಗಳು, ಜಗಲಿ, ಮರಗಳ ಸಾಲು, ರಸ್ತೆಗೆ ತೆರೆದ ಅಂಗಡಿ, ಎಲ್ಲವೂ ಕೈಯಲ್ಲೇ ಇತ್ತು. ನಾವು ಮಾಡಿದ್ದೇನು? ತೆರೆದ ಅಂಗಡಿಗೆ ಪ್ಲಾಸ್ಟಿಕ್ ಪರದೆ ಕಟ್ಟಿದೆವು. ಬಯಲಿನ ಹೂವಿನಾಕೆಯನ್ನು ಅಪಾಯವೆಂದು ಬಗೆದೆವು. ಗಾಜಿನ ಬಾಗಿಲ ಹಿಂದಿನ ಅಂಗಡಿಯನ್ನು, ಅಲ್ಲಿ ಫಲಕಗಳು ಹೆಚ್ಚಿದ್ದುದರಿಂದ, ಸುರಕ್ಷಿತವೆಂದು ಬಗೆದೆವು.

ಇದರ ಬೆಲೆ ತೆತ್ತವರು ಯಾರು? ಗಿರಾಕಿ ಅಂಗಡಿಯಲ್ಲಿರುವುದು ಹತ್ತು ನಿಮಿಷ. ಸೀರೆ ಬಿಡಿಸಿ ತೋರಿಸುವ ಹುಡುಗಿ, ಬಿಲ್ಲು ಬರೆಯುವ ಗುಮಾಸ್ತ, ಹೋಟೆಲಿನಲ್ಲಿ ಮೇಜು ಒರೆಸುವ ಹುಡುಗ ಅಲ್ಲಿರುವುದು ಹತ್ತು ಗಂಟೆ. ಸೋಂಕಿನ ಪ್ರಮಾಣ ಗಾಳಿಯಲ್ಲಿರುವ ಕಣಗಳ ಸಾಂದ್ರತೆಯನ್ನೂ, ಆ ಗಾಳಿಯನ್ನು ಉಸಿರಾಡುವ ಕಾಲವನ್ನೂ ಅವಲಂಬಿಸಿದೆ. ಹತ್ತು ಗಂಟೆಯೆಂದರೆ 600 ನಿಮಿಷ, ಗಿರಾಕಿಯದರ ಅರವತ್ತು ಪಟ್ಟು. ಆದರೂ ಫಲಕಗಳಲ್ಲಿದ್ದ ನಿಯಮಗಳೆಲ್ಲ ಗಿರಾಕಿಗಾಗಿ ಬರೆದವು. ಬಾಗಿಲಲ್ಲಿ ಜ್ವರಮಾಪಕ ಹಿಡಿದು ನಿಂತಾಕೆ ದಿನವಿಡೀ ನೂರಾರು ಜನರ ಉಸಿರಿನ ಎದುರಿಗೇ ನಿಂತಿದ್ದಳು. ಮಾಸ್ಕ್ ಹಾಕಿ ಎಂದು ಹೇಳಿದ್ದಕ್ಕೆ ಗಿರಾಕಿಗಳಿಂದ ಬೈಸಿಕೊಂಡವಳೂ ಅವಳೇ. ಸಂಜೆ ಅವಳು ಮನೆಗೆ ಹೋಗುತ್ತಿದ್ದಳು; ಅಲ್ಲಿ ವಯಸ್ಸಾದ ತಂದೆತಾಯಿ ಇದ್ದಿರಬಹುದು. ನಿಯಮ ಮಾಡುವಾಗ ಮೊದಲು ನೆನಪಿಗೆ ಬರಬೇಕಾದವರು ಇಂಥವರು.

ಇನ್ನೊಂದು ನಷ್ಟ ನಂಬಿಕೆಯದು. ಹೊಂದಾಣಿಕೆಯಿಲ್ಲದ ನಿಯಮಗಳನ್ನು ಕಂಡ ಜನ ಮೊದಲು ನಗುತ್ತಾರೆ, ಆಮೇಲೆ ಎಲ್ಲ ನಿಯಮಗಳನ್ನೂ ಕೈಬಿಡುತ್ತಾರೆ. ನೋಟಿಗೆ ಸಿಂಪಡಿಸುವುದು ವ್ಯರ್ಥವೆಂದು ತಿಳಿದವನು ಮಾಸ್ಕೂ ವ್ಯರ್ಥವೆಂದು ಭಾವಿಸುತ್ತಾನೆ. ಕಳೆಯ ಜೊತೆಗೆ ಪೈರನ್ನೂ ಕಿತ್ತಂತೆ.

ಹಾಗಾದರೆ ವಿದ್ಯಾರ್ಥಿಗಳಾದ ನೀವೇನು ಮಾಡಬಹುದು? ಯಾವುದೇ ಆರೋಗ್ಯ ನಿಯಮವನ್ನು ಕಂಡಾಗ ನಾಲ್ಕು ಪ್ರಶ್ನೆ ಕೇಳುವ ಅಭ್ಯಾಸ ಮಾಡಿಕೊಳ್ಳಿ. ಇದು ರೋಗದ ಯಾವ ದಾರಿಯನ್ನು ಕಡಿಯುತ್ತದೆ? ಹೆಚ್ಚು ಹೊತ್ತು ಒಳಗಿರುವವರನ್ನು ಇದು ಕಾಪಾಡುತ್ತದೆಯೇ? ಒಂದು ದಾರಿಯನ್ನು ಮುಚ್ಚಲು ಹೋಗಿ ಮತ್ತೊಂದನ್ನು ತೆರೆಯುತ್ತದೆಯೇ? ಹೊಸ ತಿಳಿವು ಬಂದಾಗ ಇದನ್ನು ಬದಲಿಸಲು ನಾವು ಸಿದ್ಧರಿದ್ದೇವೆಯೇ? ಪ್ರಶ್ನೆ ಕೇಳುವುದೆಂದರೆ ನಿಯಮ ಮುರಿಯುವುದಲ್ಲ. ಉತ್ತರ ಸಿಗುವವರೆಗೆ ನಿಯಮವನ್ನು ಪಾಲಿಸುತ್ತಲೇ ಕೇಳಬಹುದು. ಬಾಗಿಲಲ್ಲಿ ನಿಂತ ಕೆಲಸದವರೊಡನೆ ಜಗಳವಾಡುವುದಂತೂ ಪ್ರಶ್ನೆ ಕೇಳುವ ರೀತಿಯಲ್ಲ. ನಿಯಮ ಅವರು ಮಾಡಿದ್ದಲ್ಲ.

ಕೊನೆಯದಾಗಿ ಒಂದು ಪ್ರಯೋಗ. ನಿಮ್ಮ ಶಾಲೆ ಕಾಲೇಜುಗಳ ವಿಜ್ಞಾನ ಸಂಘದಲ್ಲಿ ಅಧ್ಯಾಪಕರ ಸಮ್ಮುಖದಲ್ಲಿ ಮಾಡಿ. ಒಂದು ತರಗತಿಯ ಕೋಣೆಯಲ್ಲಿ ಕಿಟಕಿ ಬಾಗಿಲು ಮುಚ್ಚಿ ಒಂದು ಊದುಬತ್ತಿ ಹಚ್ಚಿ, ಐದು ನಿಮಿಷದ ನಂತರ ಆರಿಸಿ. ಪರಿಮಳ ಪೂರ್ತಿ ಹೋಗಲು ಎಷ್ಟು ಹೊತ್ತು ಬೇಕಾಯಿತೆಂದು ಹೊರಗಿನಿಂದ ಆಗಾಗ ಒಳಬಂದು ಪರೀಕ್ಷಿಸಿ, ಬರೆದುಕೊಳ್ಳಿ. ಒಳಗೇ ಕುಳಿತರೆ ಮೂಗು ಪರಿಮಳಕ್ಕೆ ಒಗ್ಗಿಹೋಗುತ್ತದೆ, ಎಚ್ಚರ. ಮರುದಿನ ಒಂದು ಕಿಟಕಿ ತೆರೆದು ಇದನ್ನೇ ಮಾಡಿ. ಮೂರನೆಯ ದಿನ ಎದುರುಬದುರಿನ ಎರಡು ಕಿಟಕಿ ತೆರೆದು ಮಾಡಿ. ಮೂರು ದಿನದ ಸಮಯವನ್ನು ಒಂದು ಕೋಷ್ಟಕದಲ್ಲಿ ಬರೆಯಿರಿ. ಕಿಟಕಿಯೇ ಇಲ್ಲದ ಕೋಣೆ ನಿಮ್ಮಲ್ಲಿದ್ದರೆ ಅದನ್ನೂ ಸೇರಿಸಿ. ಆ ಕೋಷ್ಟಕವನ್ನು ಮುಖ್ಯೋಪಾಧ್ಯಾಯರಿಗೋ ಪ್ರಾಂಶುಪಾಲರಿಗೋ ತೋರಿಸಿ, ತುಕ್ಕು ಹಿಡಿದು ತೆರೆಯಲಾಗದ ಕಿಟಕಿಗಳಿದ್ದರೆ ಅವುಗಳ ಪಟ್ಟಿಯನ್ನೂ ಜೊತೆಗಿಡಿ.

ಸಾಂಕ್ರಾಮಿಕ ರೋಗ ಮತ್ತೆ ಬರಬಹುದು. ಬಂದಾಗ ಅದರ ದಾರಿ ಗಾಳಿಯೋ, ನೀರೋ, ಸೊಳ್ಳೆಯೋ, ಚಿಗಟವೋ ಈಗ ಹೇಳಲಾಗದು. ದಾರಿ ಯಾವುದೆಂದು ಮೊದಲು ಕೇಳುವವರು ನಮ್ಮಲ್ಲಿ ಹೆಚ್ಚಾದಷ್ಟೂ ಅಂಗಡಿ ಬಾಗಿಲಿನ ಫಲಕಗಳಲ್ಲಿ ಅರ್ಥವಿರುವ ಮಾತುಗಳು ಹೆಚ್ಚುತ್ತವೆ. ಆ ಫಲಕ ಬರೆಯುವ ಅಧಿಕಾರಿಗಳು, ವೈದ್ಯರು, ವರ್ತಕರು ಆಗ ನೀವೇ ಆಗಿರುತ್ತೀರಿ.